ಗೆದ್ದವರ ಕೋಟೆ, ಸೋತವರ ಹಲಸಿ

ಬೆಳಗಾವಿಗೆ ಸಂಸಾರ ಸಮೇತ ಹೋಗಿಬರುವವರ ದಿನಚರಿ ಬಹುಮಟ್ಟಿಗೆ ಒಂದೇ ಬಗೆಯದು. ಬೆಳಗಿನ ಹೊತ್ತು ಕೋಟೆ, ಸಂಜೆ ಕೋಟೆಕೆರೆಯ ದಂಡೆ, ನಡುವೆ ಪೇಟೆಯಲ್ಲೊಂದು ಸುತ್ತು, ಹೊರಡುವಾಗ ಕೈಯಲ್ಲಿ ಕುಂದದ ಪೊಟ್ಟಣ. ಇದರಲ್ಲಿ ತಪ್ಪೇನೂ ಇಲ್ಲ. ಬಸ್ಸಿನಿಂದಿಳಿದು ಮಕ್ಕಳ ಕೈ ಹಿಡಿದು ನಡೆದುಹೋಗುವಷ್ಟು ಸಮೀಪದಲ್ಲಿ ಇಷ್ಟು ಹಳೆಯ ಕೋಟೆ, ಅದರ ಮಗ್ಗುಲಲ್ಲೇ ಒಂದು ಕೆರೆ ಇರುವ ಊರುಗಳು ಹೆಚ್ಚಿಲ್ಲ. ಆದರೆ ಕೋಟೆಯೆಂಬುದು ಗೆದ್ದವರು ಬರೆಸಿಟ್ಟ ಕಥೆ. ಸೋತವರ ಮಾತನ್ನೂ ಕೇಳಬೇಕೆಂದರೆ ಕಂದಕವನ್ನು ದಾಟಿ ಖಾನಾಪುರದ ದಾರಿ ಹಿಡಿಯಬೇಕು. ಆ ದಾರಿ ಹಿಡಿಯುವ ಪ್ರವಾಸಿಗರು ವಿರಳ.

ಕೋಟೆಯ ಬಾಗಿಲಲ್ಲಿ ಗಣಪತಿಗೊಂದು, ದುರ್ಗೆಗೊಂದು ಗುಡಿ. ಒಳಗೆ ಹೊಸ ಕಾಲದ ಕಟ್ಟಡಗಳ ನಡುವೆ ಮೌನವಾಗಿ ನಿಂತಿರುವುದು ಕಮಲಬಸದಿ. ಸವದತ್ತಿಯ ರಟ್ಟರು ವೇಣುಗ್ರಾಮಕ್ಕೆ ಬಂದು ನೆಲೆಸಿದ ಕಾಲದಲ್ಲಿ, ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾಗಿದ್ದ ಬೀಚಿರಾಜನು 1204ರಲ್ಲಿ ಇದನ್ನು ಕಟ್ಟಿಸಿದನು. ಒಳಗಿರುವ ದೇವರು ನೇಮಿನಾಥ. ಮಂಟಪದ ಛಾವಣಿಯಿಂದ ಕೆಳಮುಖವಾಗಿ ಅರಳಿ ನಿಂತ ಕಲ್ಲಿನ ಕಮಲಕ್ಕೆ 72 ದಳಗಳು. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳ ತೀರ್ಥಂಕರರು, ಕಾಲಕ್ಕೆ 24 ಮಂದಿಯಂತೆ. ತಲೆಯೆತ್ತಿ ಎಣಿಸಹೊರಟ ಮಕ್ಕಳು ಮೂವತ್ತಕ್ಕೋ ನಲವತ್ತಕ್ಕೋ ಲೆಕ್ಕ ತಪ್ಪಿ, ಕತ್ತು ನೋಯುತ್ತಿದ್ದರೂ ಮತ್ತೆ ಮೊದಲಿನಿಂದ ಎಣಿಸತೊಡಗುತ್ತಾರೆ. ಬೆಳಗಾವಿಯಲ್ಲಿ ಮಕ್ಕಳಿಗೆ ತೋರಿಸಲೇಬೇಕಾದುದು ಒಂದೇ ಒಂದು ಎಂದಾದರೆ ಅದು ಈ ಕಮಲವೇ ಸರಿ.

ಈ ಬಸದಿಗೆ ಅರಸರು ಬಿಟ್ಟ ದತ್ತಿಯನ್ನು ತಿಳಿಸುವ, ಶಕವರ್ಷ 1127ರ ಎರಡು ಶಾಸನಶಿಲೆಗಳು ಬೆಳಗಾವಿಯಲ್ಲಿ ಉಳಿಯಲಿಲ್ಲ. ಅವು ಕಡಲು ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. ಮಗು ಇಲ್ಲಿ, ಜಾತಕ ಅಲ್ಲಿ! ಬಸದಿಯನ್ನು ನೋಡಿ ಹೊರಬರುವ ನೂರು ಮಂದಿಯಲ್ಲಿ ಒಬ್ಬರಿಗಾದರೂ ಈ ಸಂಗತಿ ತಿಳಿದಿರುವುದೆಂದು ನಂಬುವುದು ಕಷ್ಟ.

ರಟ್ಟರು ಬರುವುದಕ್ಕೆ ಮೊದಲು ವೇಣುಗ್ರಾಮ ಯಾರದಾಗಿತ್ತು? ಗೋವೆಯ ಕದಂಬರದು. ಹನ್ನೆರಡನೆಯ ಶತಮಾನದಲ್ಲಿ ಕೊಂಕಣವನ್ನೂ ಹಲಸಿಗೆ ಹನ್ನೆರಡು ಸಾವಿರವನ್ನೂ ಆಳುತ್ತಿದ್ದ ಆ ಅರಸರ ಕೈಯಲ್ಲೇ ವೇಣುಗ್ರಾಮ ಎಪ್ಪತ್ತೂ ಇದ್ದಿತು. ಅವರಿಂದ ರಟ್ಟರು ಕಸಿದುಕೊಂಡರು. ರಟ್ಟರ ಗೆಲವಾದರೂ ಬಹಳ ಕಾಲ ಬಾಳಲಿಲ್ಲ. ಅರ್ಧ ಶತಮಾನ ತುಂಬುವ ಮೊದಲೇ ದೇವಗಿರಿಯ ಯಾದವರು ಬಂದರು. ಅನಂತರ ವಿಜಯನಗರ, 1472ರಲ್ಲಿ ಬಹಮನಿಯ ಮಹಮೂದ ಗವಾನ, ಆಮೇಲೆ ಸಫಾ ಮಸೀದಿಯನ್ನು ಕಟ್ಟಿಸಿದ ಆದಿಲಶಾಹಿಯ ಅಸದಖಾನ, ಮರಾಠರು, ಕಡೆಗೆ 1818ರಲ್ಲಿ ಮೂರು ವಾರ ಮುತ್ತಿಗೆ ಹಾಕಿ ಒಳಹೊಕ್ಕ ಇಂಗ್ಲಿಷರ ಮನ್ರೋ. ಪ್ರವಾಸಿಯ ಕೈಗೆ ಸಿಕ್ಕುವ ಪುಸ್ತಿಕೆಗಳಲ್ಲಿ ಇವರೆಲ್ಲರ ಹೆಸರೂ ಉಂಟು. ಮೊದಲು ಕಳೆದುಕೊಂಡವರಿಗೆ ಮಾತ್ರ ಒಂದು ಸಾಲು ದೊರೆತರೆ ಹೆಚ್ಚು.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ರೈಲೂ ಉಂಟು, ಬಸ್ಸೂ ಉಂಟು. ದಾರಿ ಸಾಗಿದಂತೆಲ್ಲ ಬಯಲು ಕಳೆದು ಮಲೆನಾಡಿನ ಹಸುರು, ಭತ್ತದ ಗದ್ದೆ, ಕೆಮ್ಮಣ್ಣು. ಈ ಮಣ್ಣೇ ಖಾನಾಪುರದ ಬಾಳು. ಹೆಂಚಿಗೂ ಮಡಕೆಗೂ ಹೆಸರಾದ ಊರು. ಕುಂಬಾರಿಕೆಯನ್ನು ಕ್ರಮವಾಗಿ ಕಲಿಸುವ ಸಂಸ್ಥೆಯೊಂದು ಇಲ್ಲಿ ನಡೆದುಬಂದಿದೆ. ಊರಿನ ಪಕ್ಕದಲ್ಲಿ ಹರಿಯುವುದು ಮಲಪ್ರಭೆ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಈ ಹೊಳೆಯೇ ಮುಂದೆ ಪಟ್ಟದಕಲ್ಲಿನ ಗುಡಿಗಳ ಮುಂದೆ ಹರಿಯುವುದೆಂದು ಹೇಳಿದರೆ ಇಲ್ಲಿ ಅದರ ಎಳೆತನವನ್ನು ಕಂಡವರು ನಕ್ಕಾರು.

ಖಾನಾಪುರದಿಂದ ಹಲಸಿಗೆ ಹೋಗುವಾಗ ನಂದಗಡ ಸಿಕ್ಕುತ್ತದೆ. ಕಿತ್ತೂರಿಗಾಗಿ ಕಾದಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ಗಲ್ಲಿಗೇರಿಸಿದ್ದು ಇಲ್ಲಿ. ಅವನ ಸಮಾಧಿಯ ಬಳಿಯಲ್ಲಿ ಆಲದ ಮರವುಂಟು. ಹರಕೆ ಹೊತ್ತು ಬರುವವರೂ ಉಂಟು. ಸೋತವನನ್ನು ಮರೆಯದಿರುವ ವಿದ್ಯೆ ಹಳ್ಳಿಯ ಜನಕ್ಕೆ ಗೊತ್ತು.

ಅಲ್ಲಿಂದ ಮುಂದೆ ಹಲಸಿ. ಈಗ ಸಣ್ಣ ಹಳ್ಳಿ. ಬನವಾಸಿಯ ಕದಂಬರ ಕಾಲದಲ್ಲಿ ಪಲಾಶಿಕೆಯೆಂಬ ಎರಡನೆಯ ರಾಜಧಾನಿ. ಮನೆಗಳಲ್ಲಿ ಕೇಳಿಬರುವ ಮಾತು ಹೆಚ್ಚಾಗಿ ಮರಾಠಿ. ಭೂವರಾಹ ನರಸಿಂಹ ದೇವಾಲಯ ಎಲ್ಲಿದೆಯೆಂದು ಯಾವ ಭಾಷೆಯಲ್ಲಿ ಕೇಳಿದರೂ ಕೈ ತೋರಿಸುವವರಿದ್ದಾರೆ. ಒಂದೇ ಗುಡಿಯಲ್ಲಿ ಎರಡು ಗರ್ಭಗೃಹ, ಅವೂ ಎದುರುಬದುರು. ಒಂದರ ದೇವರು ಇನ್ನೊಂದರ ದೇವರನ್ನು ಎಂಟು ಶತಮಾನಗಳಿಂದ ನೋಡುತ್ತ ಕುಳಿತಿರುವ ಇಂಥ ಏರ್ಪಾಡು ಅಪೂರ್ವ. ಭೂದೇವಿಯನ್ನು ಎತ್ತಿ ಹಿಡಿದ ವರಾಹನ ಮೂರ್ತಿಯ ಮುಂದೆ ನಿಂತವರು ಬೇಗನೆ ಕದಲಲಾರರು. ಗುಡಿಯ ಶಾಸನದಲ್ಲಿ ಕಾಲವನ್ನು ಹೇಳಿರುವ ರೀತಿಯೂ ವಿಶೇಷ. ಶಕವರ್ಷವಲ್ಲ, ಕಲಿಯುಗದ 4270ನೆಯ ವರ್ಷ. ಎಂದರೆ ಕ್ರಿಸ್ತಶಕ 1169ರ ಸುಮಾರು. ಆಗ ಆಳುತ್ತಿದ್ದವನು ಶಿವಚಿತ್ತ ಪೆರ್ಮಾಡಿ. ಹೆಸರಿನಲ್ಲಿ ಶಿವ, ಕಟ್ಟಿಸಿದ್ದು ನರಸಿಂಹನಿಗೆ! ವೇಣುಗ್ರಾಮ ಅವನ ಮನೆತನದ ಕೈಬಿಟ್ಟದ್ದು ಇದಾದ ಮೂರು ನಾಲ್ಕು ದಶಕಗಳಲ್ಲಿ. ಗುಡಿಯಂತೂ ನಿಂತಿದೆ. ಸುವರ್ಣೇಶ್ವರ, ಕಪಿಲೇಶ್ವರ, ಹಾಟಕೇಶ್ವರ, ಗೋಕರ್ಣೇಶ್ವರ ಎಂಬ ಊರಿನ ಉಳಿದ ಗುಡಿಗಳಿಗೆ ಅಷ್ಟು ಅದೃಷ್ಟವಿರಲಿಲ್ಲ. ಮಳೆಯೂ ಗಿಡಗಂಟೆಯೂ ಅವುಗಳಿಗೆ ಸಾಕಷ್ಟು ಕಾಟ ಕೊಟ್ಟಿವೆ.

ಹಲಸಿಯ ನಿಜವಾದ ಐಶ್ವರ್ಯ ಕಣ್ಣಿಗೆ ಕಾಣುವಂಥದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ದೊರೆತ ಕದಂಬರ ತಾಮ್ರಪಟಗಳು ಗುಡಿಗಿಂತ ಏಳುನೂರು ವರ್ಷ ಹಿಂದಿನವು. ಮೃಗೇಶವರ್ಮನು ತನ್ನ ತಂದೆಯ ಪುಣ್ಯಕ್ಕೆಂದು ಪಲಾಶಿಕೆಯಲ್ಲಿ ಬಸದಿಯೊಂದನ್ನು ಕಟ್ಟಿಸಿದುದನ್ನು ಒಂದು ಪಟ ಹೇಳುತ್ತದೆ. ಇನ್ನೊಂದು, ಕಾಕುಸ್ಥವರ್ಮನಿಂದ ಶ್ರುತಕೀರ್ತಿಯೆಂಬ ಸೇನಾಪತಿಗೆ ಬಂದ ಭೂಮಿಯ ಮಾತು. ಅರಸರು ಬದಲಾದರೂ ಈ ಮನೆತನದ ಉಂಬಳಿ ಬದಲಾಗಲಿಲ್ಲ. ತಲೆಮಾರುಗಳ ಮೇಲೆ ರವಿವರ್ಮನ ಆಳ್ವಿಕೆಯಲ್ಲಿ ಆ ಊರಿನ ಹುಟ್ಟುವಳಿಯನ್ನು ಧರ್ಮಕ್ಕೆ ಮೀಸಲಿಟ್ಟರು: ವರ್ಷ ವರ್ಷವೂ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಜಿನೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಅನ್ನ ನಡೆಯಬೇಕು. ಒಂದು ಮನೆಯ ಆಸ್ತಿಪತ್ರದಲ್ಲಿ ಒಂದು ಸೀಮೆಯ ಹವಾಮಾನವೇ ಅಡಗಿದೆ. ಖಾನಾಪುರದ ಮಳೆಯಲ್ಲಿ ಒಂದು ದಿನ ಸಿಕ್ಕಿಹಾಕಿಕೊಂಡವರಿಗೆ ಆ ನಾಲ್ಕು ತಿಂಗಳ ಲೆಕ್ಕ ಬೇರೆ ವ್ಯಾಖ್ಯಾನವಿಲ್ಲದೆ ತಿಳಿದೀತು.

ಆದುದರಿಂದ ಹಲಸಿಗೆ ಹೊರಡುವವರು ಮಳೆ ಹಿಂತೆಗೆದ ಮೇಲೆ, ಆ ಕಾರ್ತಿಕದ ಸುಮಾರಿಗೇ ಹೊರಡುವುದು ಲೇಸು. ಹಳ್ಳಿಯಲ್ಲಿ ಫಲಾಹಾರ ಮಂದಿರದ ಭರವಸೆ ಬೇಡ, ಮನೆಯಿಂದಲೇ ಬುತ್ತಿ ಕಟ್ಟಿಕೊಳ್ಳಬೇಕು. ಸಾಧ್ಯವಾದರೆ ಬೆಳಿಗ್ಗೆ ಹಲಸಿಯನ್ನು ಮೊದಲು ಮುಗಿಸಿ, ನಂದಗಡದಲ್ಲಿ ಕೆಲಹೊತ್ತು ನಿಂತು, ಇಳಿಹೊತ್ತಿಗೆ ಬೆಳಗಾವಿಯ ಬಸದಿಗೆ ಬರಬಹುದು. ಅಷ್ಟು ಹೊತ್ತಿಗೆ ದಣಿದ ಮಕ್ಕಳು ಕಮಲದ ದಳಗಳನ್ನು ಎಣಿಸಲು ಒಪ್ಪುವರೋ ಇಲ್ಲವೋ, ಅದು ತಾಯಂದಿರು ಬುತ್ತಿಯಲ್ಲಿ ಏನನ್ನು ಉಳಿಸಿಕೊಂಡಿದ್ದಾರೆ ಎಂಬುದನ್ನು ಅವಲಂಬಿಸಿದ ವಿಷಯ.