ಅಗಳಿಯ ಸದ್ದು

ಮಲೆನಾಡಿನ ಒಂಟಿಮನೆಯಲ್ಲಿ ಆಟಿಸಂ ಇರುವ ಮಗುವನ್ನು ಸಾಕುವ ತಾಯಿಗೆ ಮಳೆಗಾಲದಲ್ಲಿ ಗಟ್ಟಿ ನಿದ್ದೆಯಿಲ್ಲ. ಇಂಥ ಮಕ್ಕಳಲ್ಲಿ ಹಲವರಿಗೆ ನೀರೆಂದರೆ ಸೆಳೆತ, ಅಪಾಯದ ಅರಿವು ಕಡಿಮೆ. ಸೂರಿನ ನೀರಿಗೆ ಅಂಗೈ ಒಡ್ಡಿ ಗಂಟೆಗಟ್ಟಲೆ ನಿಲ್ಲುವ ಹುಡುಗ ತೋಟದ ಕೆರೆಯತ್ತ ಹೊರಟರೆ ಕೂಗಿದರೂ ತಿರುಗಲಿಕ್ಕಿಲ್ಲ. ಹಾಗಾಗಿ ಅವಳು ಮಲಗುವುದು ಬಾಗಿಲಿನ ಅಗಳಿಗೆ ಕಿವಿಗೊಟ್ಟು.

ಇಷ್ಟನ್ನು ಆಕೆ ಹೇಗೋ ತಾಳಿಕೊಂಡಾಳು. ಕುಗ್ಗಿಸುವುದು ನೆಂಟರ ವಿಚಾರಣೆ. ‘ಮೊಬೈಲ್ ಕೊಟ್ಟೂ ಕೊಟ್ಟೂ ಹೀಗಾಗಿದೆ’, ‘ಬಸುರಿಯಾಗಿದ್ದಾಗ ಏನು ತಿಂದೆ?’, ‘ಅವರಪ್ಪನಿಗೂ ಮಾತು ಬಂದದ್ದು ಐದಕ್ಕೇ ಬಿಡು’. ಕೊನೆಯದು ಸಮಾಧಾನದ ಮಾತೇ. ಆದರೆ ಅದನ್ನು ನಂಬಿ ಎಷ್ಟೋ ಮನೆಗಳಲ್ಲಿ ಎರಡು ವರ್ಷ ಕಳೆದುಹೋಗುತ್ತದೆ. ಜಗಲಿಯ ಮಾತನ್ನಷ್ಟೇ ದೂರುವಂತಿಲ್ಲ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಇಂಥ ಹನ್ನೊಂದು ಮಕ್ಕಳ ಬಗ್ಗೆ ಬರೆದಾಗ ಅವರ ಹೆತ್ತವರಲ್ಲಿ ಮಮತೆ ಸಾಲದೆಂದು ಸೂಚಿಸಿದ್ದ. ಮಕ್ಕಳ ಚಿಕಿತ್ಸಾಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ ಅದೇ ಆಟಿಸಂಗೆ ಕಾರಣವೆಂದು ದೊಡ್ಡದು ಮಾಡಿದ. ಸ್ವತಃ ಇಂಥ ಮಗನ ತಂದೆಯಾಗಿದ್ದ ಮನಃಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲೇ ಆ ವಾದವನ್ನು ಅಲ್ಲಗಳೆದ. ವಿಜ್ಞಾನ ಅದನ್ನು ಕೈಬಿಟ್ಟಿತು. ನಾವಿನ್ನೂ ಬಿಟ್ಟಿಲ್ಲ.

ಈ ತಾಯಂದಿರಿಗೆ ತಾಳ್ಮೆಯ ಪಾಠ ಹೇಳುವುದು ನನಗಂತೂ ಕ್ರೂರವಾಗಿ ಕಾಣುತ್ತದೆ. (ಅಪ್ಪಂದಿರಿಗೆ ಯಾರೂ ಹೇಳುವುದಿಲ್ಲ, ನೋಡಿ.) ಅವರ ದಣಿವು ಮನಸ್ಸಿನ ದೌರ್ಬಲ್ಯವಲ್ಲ, ಕೆಲಸದ ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಆದರೆ ಚಿಕಿತ್ಸೆಗೆ ಹೋಗಬೇಕಾದ ಶಿವಮೊಗ್ಗ ಸಾಗರದಿಂದ ಸುಮಾರು 70 ಕಿ.ಮೀ. ಮುಕ್ಕಾಲು ಗಂಟೆಯ ಥೆರಪಿಗೆ ಇಡೀ ದಿನ ಹೋಗುತ್ತದೆ. ಹಾರ್ನ್ ಕೇಳಿದರೆ ಕಿವಿ ಮುಚ್ಚಿ ಚೀರುವ ಮಗು ತೊಡೆಯ ಮೇಲೆ, ಇಡೀ ಬಸ್ಸಿನ ಕಣ್ಣು ಅಮ್ಮನ ಮೇಲೆ. ಅಡಿಕೆ ಸುಲಿಯುವ ಕಾಲ ಬಂದರಂತೂ ಮೊದಲು ತಪ್ಪುವುದೇ ಈ ಪ್ರಯಾಣ.

ಬೇರೆ ದಾರಿ ಇಲ್ಲವೆಂದಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಊರಲ್ಲೇ ಗುರುತಿಸಿ ಚಿಕಿತ್ಸೆ ಕೊಡುತ್ತ ಬಂದರು. ರೋಗಿ ಬೆಂಗಳೂರಿಗೆ ಅಲೆಯಬೇಕಾಗಲಿಲ್ಲ. ಅಲ್ಲಿ ಆದದ್ದು ಈ ಮಕ್ಕಳಿಗೇಕೆ ಆಗಬಾರದು? ಆಶಾ ಕಾರ್ಯಕರ್ತೆ, ಅಂಗನವಾಡಿಯ ಟೀಚರ್ ಹೇಗೂ ಆ ಮನೆಯ ದಾರಿ ಬಲ್ಲವರು. ಅವರಿಗೆ ತರಬೇತಿ, ಅದಕ್ಕೆ ತಕ್ಕ ಸಂಬಳ ಎರಡೂ ಬೇಕು. ಬಿಟ್ಟಿ ಚಾಕರಿಯನ್ನು ಒಬ್ಬ ಹೆಂಗಸಿನಿಂದ ಇನ್ನೊಬ್ಬಳಿಗೆ ದಾಟಿಸಿ ಪ್ರಯೋಜನವಿಲ್ಲ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಒಂದಿದೆ. ‘ಎರಡು ಗಂಟೆ ನಾ ನೋಡ್ಕೊಳ್ತೀನಿ, ನೀ ಮಲ್ಕೊ ಹೋಗೆ’ ಎಂದು ಗಂಡನೋ ಓರಗಿತ್ತಿಯೋ ಹೇಳಬಹುದು. ಮೊದಲ ದಿನ ಅವಳಿಗೆ ನಿದ್ದೆ ಹತ್ತಲಿಕ್ಕಿಲ್ಲ. ಕಿವಿ ಅಗಳಿಯ ಕಡೆಗೇ ಇರುತ್ತದೆ.