ಮಗಳು ಮೈನೆರೆಯಲಿಲ್ಲವೇ? ತಾಯಿಯನ್ನು ದೂರಬೇಡಿ

ನಿಮ್ಮ ಮಗಳಿಗೆ 16 ತುಂಬಿದೆ. ಎತ್ತರ, ಮೈಕಟ್ಟು, ಸ್ತನಗಳ ಬೆಳವಣಿಗೆ ಎಲ್ಲವೂ ವಯಸ್ಸಿಗೆ ತಕ್ಕಂತೆ ಇದೆ. ಮುಟ್ಟು ಮಾತ್ರ ಬಂದಿಲ್ಲ. 'ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗಿಯೇ ದೊಡ್ಡವರಾದದ್ದು' ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಇನ್ನೊಂದು ವರ್ಷ ಕಳೆಯುತ್ತದೆ. ಆಮೇಲೆ ಯಾರೋ ಹೇಳಿದರೆಂದು ಔಷಧದಂಗಡಿಯಿಂದ ಮುಟ್ಟು ಬರಿಸುವ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿಸುತ್ತೀರಿ. ಫಲವಿಲ್ಲ.

ಹೊಸಕೆರೆಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ದಿನಗಳನ್ನು ಕಂಡ ಹಿರಿಯರಿಗೆ, ಮೈನೆರೆದ ಹುಡುಗಿಗೆ ಹಸಿರು ಸೊಪ್ಪಿನ ಗುಡ್ಲು ಹಾಕಿ, ಚಿಗಳಿ ತಿನ್ನಿಸಿ, ಆರತಿ ಎತ್ತುತ್ತಿದ್ದುದು ನೆನಪಿರಬಹುದು. ಹೊಲಗಳು ಸೈಟುಗಳಾದವು, ವರ್ತುಲ ರಸ್ತೆ ಬಂತು, ಗುಡ್ಲು ಅಪರೂಪವಾಯಿತು. 'ಇನ್ನೂ ಆಗಿಲ್ಲವೇ?' ಎಂಬ ಪ್ರಶ್ನೆ ಮಾತ್ರ ಇನ್ನೂ ಕಂಪೌಂಡು ದಾಟಿ ಬರುತ್ತಲೇ ಇದೆ.

ಮುಟ್ಟು ಬಾರದಿರಲು ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಕುರಿತು ಮನೆಗಳಲ್ಲಿ ಯಾರೂ ಬಾಯಿಬಿಡುವುದಿಲ್ಲ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹುಟ್ಟಿನಿಂದಲೇ ಗರ್ಭಕೋಶ ಇರುವುದಿಲ್ಲ, ಇಲ್ಲವೇ ಅದರ ಕುರುಹು ಮಾತ್ರ ಇರುತ್ತದೆ. ಯೋನಿಯ ಮೇಲ್ಭಾಗವೂ ಬೆಳೆದಿರುವುದಿಲ್ಲ. ಅಂಡಾಶಯಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ, ವರ್ಣತಂತುಗಳೂ ಹೆಣ್ಣಿನವೇ. ಇದನ್ನು ಗುರುತಿಸಿ ಬರೆದ ನಾಲ್ವರು ವೈದ್ಯರ ಹೆಸರು ಸೇರಿಸಿ ಮೇಯರ್-ರಾಕಿಟಾನ್‌ಸ್ಕಿ-ಕುಸ್ಟರ್-ಹೌಸರ್ ಎನ್ನುತ್ತಾರೆ, ಎಂ.ಆರ್.ಕೆ.ಎಚ್. ಎಂಬುದು ಅದರ ಚಿಕ್ಕ ರೂಪ. ಮೇಯರ್ ಬರೆದದ್ದು 1829ರಲ್ಲಿ. ಹೊಸ ಕಾಯಿಲೆಯೇನಲ್ಲ.

ಇಂಥ ಸುದ್ದಿ ಮನೆಗೆ ಬಂದ ಕೂಡಲೇ ನಡೆಯುವ ಮೊದಲ ವಿಚಾರಣೆ ತಾಯಿಯದು. ಬಸುರಿಯಲ್ಲಿ ಏನು ತಿಂದಳು, ಗ್ರಹಣದ ದಿನ ಹೊರಗೆ ಹೋಗಿದ್ದಳೇ, ಅವಳ ತವರಿನಲ್ಲಿ ಯಾರಿಗಾದರೂ ಹೀಗಿತ್ತೇ? ಈಗೀಗ ಇದಕ್ಕೆ 'ಜೀನ್ ದೋಷ' ಎಂಬ ಮಾತೂ ಸೇರಿಕೊಂಡಿದೆ. ಹಳೆಯ ದೂರಿಗೆ ಹೊಸ ಇಂಗ್ಲಿಷು, ಅಷ್ಟೆ.

ವಿಜ್ಞಾನ ಹೇಳುವುದು ಬೇರೆಯೇ. ಭ್ರೂಣಕ್ಕೆ ಸುಮಾರು ಆರು ವಾರವಾದಾಗ ಮ್ಯುಲ್ಲರ್ ನಾಳಗಳೆಂಬ ಎರಡು ಸಣ್ಣ ಕೊಳವೆಗಳು ಮೂಡುತ್ತವೆ. ಅಂಡನಾಳ, ಗರ್ಭಕೋಶ, ಯೋನಿಯ ಮೇಲ್ಭಾಗ ಇವೆಲ್ಲ ಅವುಗಳಿಂದಲೇ ಆಗಬೇಕು. ಯಾವ ಜಾಗದಲ್ಲಿ ಯಾವ ಅಂಗ ಎಂಬುದನ್ನು ನಿರ್ಧರಿಸುವಲ್ಲಿ ಹಾಕ್ಸ್-ಎ ಎಂಬ ವಂಶವಾಹಿಗಳ ಗುಂಪಿಗೆ ದೊಡ್ಡ ಪಾತ್ರವಿದೆ. ಅದರ 9ನೆಯದು ಅಂಡನಾಳದ ಭಾಗದಲ್ಲಿ, 10ನೆಯದು ಗರ್ಭಕೋಶದಲ್ಲಿ, 11ನೆಯದು ಅದರ ಕೆಳಭಾಗ ಮತ್ತು ಕೊರಳಿನಲ್ಲಿ, 13ನೆಯದು ಯೋನಿಯ ಮೇಲ್ಭಾಗದಲ್ಲಿ ಕೆಲಸ ಮಾಡುತ್ತದೆ. ವಂಶವಾಹಿ ದೇಹದಲ್ಲಿದ್ದರೆ ಸಾಲದು. ಸರಿಯಾದ ವಾರದಲ್ಲಿ, ಸರಿಯಾದ ಜಾಗದಲ್ಲಿ ಅದು ಎಚ್ಚೆತ್ತು ದುಡಿಯಬೇಕು. ನಮ್ಮ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾದೀತು. ನಕ್ಷೆ ಸರಿಯಾಗಿದೆ, ಸಿಮೆಂಟೂ ಬಂದಿದೆ, ಮೋಲ್ಡ್ ಹಾಕುವ ದಿನ ಮೇಸ್ತ್ರಿ ಬರಲಿಲ್ಲ. ಮನೆಯಲ್ಲಾದರೆ ಮಾರನೆಯ ದಿನ ಹಾಕಬಹುದು. ಭ್ರೂಣದಲ್ಲಿ ಆ ಮಾರನೆಯ ದಿನ ಇಲ್ಲ.

ಒಂದೇ ಅಂಡದಿಂದ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಗರ್ಭಕೋಶವಿದ್ದು ಇನ್ನೊಬ್ಬಳಿಗೆ ಇಲ್ಲದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇಬ್ಬರಿಗೂ ಬಂದ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ! ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು 2011ರಲ್ಲಿ ಇಂಥ ಮಹಿಳೆಯರ ಗರ್ಭಕೋಶದ ಕುರುಹನ್ನೇ ಪರೀಕ್ಷಿಸಿ, ಹಲವು ವಂಶವಾಹಿಗಳ ಚಟುವಟಿಕೆ ಸಾಮಾನ್ಯ ಗರ್ಭಕೋಶಕ್ಕಿಂತ ಬೇರೆಯಾಗಿರುವುದನ್ನು ಕಂಡರು. ಅವುಗಳಲ್ಲಿ ಹಾಕ್ಸ್-ಎ ಗುಂಪಿನವೂ ಇದ್ದವು. ಕೆಲವರಲ್ಲಿ 17ನೇ ವರ್ಣತಂತುವಿನ ಒಂದು ತುಣುಕೇ ಇಲ್ಲದಿರುವುದು ಗೊತ್ತಾಗಿದೆ, ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ದೋಷ ಕಂಡದ್ದೂ ಉಂಟು. ಆದರೆ ಬಹುಪಾಲು ಹುಡುಗಿಯರಲ್ಲಿ 'ಇದೇ ಕಾರಣ' ಎಂದು ಬೆರಳಿಟ್ಟು ತೋರಿಸುವಂಥ ಒಂದು ವಂಶವಾಹಿ ಸಿಕ್ಕಿಲ್ಲ. ತಾನು ಬಸುರಿ ಎಂದು ಸರಿಯಾಗಿ ತಿಳಿಯುವ ಮೊದಲೇ ಆರಂಭವಾಗುವ ಕೆಲಸಕ್ಕೆ ತಾಯಿಯನ್ನು ಕಟಕಟೆಗೆ ಹತ್ತಿಸುವುದು ಯಾವ ನ್ಯಾಯ?

ಈ ಕಾರಣದಿಂದಲೇ, ದುಬಾರಿ ಜೀನ್ ಪರೀಕ್ಷೆಗೆ ಮೊದಲೇ ಓಡಬೇಡಿ ಎನ್ನುವುದು ನನ್ನ ಅಭಿಪ್ರಾಯ. 15 ತುಂಬಿಯೂ ಮುಟ್ಟಾಗದಿದ್ದರೆ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ; ವಾಣಿವಿಲಾಸದಂಥ ಸರ್ಕಾರಿ ಆಸ್ಪತ್ರೆಯೂ ಆದೀತು. ಹೊಟ್ಟೆಯ ಸ್ಕ್ಯಾನಿಂಗ್‌ನಿಂದಲೇ ಬಹಳಷ್ಟು ತಿಳಿಯುತ್ತದೆ. ವರ್ಣತಂತು ಪರೀಕ್ಷೆ ಬೇಕು, ಏಕೆಂದರೆ ಹೊರನೋಟಕ್ಕೆ ಹೀಗೆಯೇ ಕಾಣುವ ಬೇರೊಂದು ಸ್ಥಿತಿಯಲ್ಲಿ ವರ್ಣತಂತುಗಳು ಗಂಡಿನವಾಗಿರುತ್ತವೆ, ಅದರ ಚಿಕಿತ್ಸೆ ಬೇರೆ. ಮೂತ್ರಪಿಂಡಗಳನ್ನು ನೋಡಿಸಲು ಮರೆಯಬೇಡಿ. ಅವೂ ಅದೇ ವಾರಗಳಲ್ಲಿ ಪಕ್ಕದಲ್ಲೇ ರೂಪುಗೊಳ್ಳುವುದರಿಂದ, ಇಂಥ ಹಲವರಿಗೆ ಒಂದೇ ಮೂತ್ರಪಿಂಡ ಇರುತ್ತದೆ ಅಥವಾ ಅದು ಜಾಗ ತಪ್ಪಿರುತ್ತದೆ. ಮುಟ್ಟಿಲ್ಲದೆಯೂ ತಿಂಗಳು ತಿಂಗಳು ಹೊಟ್ಟೆನೋವು ಬರುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಇನ್ನು, ಹುಡುಗಿಯನ್ನು ಹೊರಗೆ ಕೂರಿಸಿ ಅಪ್ಪ-ಅಮ್ಮ ಮಾತ್ರ ವೈದ್ಯರೊಡನೆ ಮಾತಾಡುವ ಪದ್ಧತಿ. ಇದು ನಿಲ್ಲಬೇಕು. ದೇಹ ಅವಳದು, ಸುದ್ದಿ ಮೊದಲು ಅವಳದು. ನಿಜ ಹೇಳದೆ ಮದುವೆ ಮಾಡಿ, ಬಸುರಾಗಲಿಲ್ಲವೆಂದು ಅತ್ತೆಮನೆಯಲ್ಲಿ ಬಂಜೆ ಎನ್ನಿಸಿಕೊಳ್ಳುವಂತೆ ಮಾಡುವುದಕ್ಕಿಂತ ದೊಡ್ಡ ಕ್ರೌರ್ಯ ನನಗೆ ತೋಚುವುದಿಲ್ಲ. ದಾಂಪತ್ಯಕ್ಕೆ ಅಡ್ಡಿಯಿಲ್ಲ. ಯೋನಿಯನ್ನು ನಿಧಾನವಾಗಿ ಹಿಗ್ಗಿಸುವ ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ ಇದೆ. ಅದನ್ನು ಯಾವಾಗ ಆರಂಭಿಸಬೇಕೆಂಬುದನ್ನು ಅವಳೇ ನಿರ್ಧರಿಸಲಿ, ಮದುವೆಯ ಮುಹೂರ್ತವಲ್ಲ.

ಮಗು? ಸ್ವೀಡನ್ನಿನಲ್ಲಿ 2014ರಲ್ಲಿ ಇಂಥ ಮಹಿಳೆಯೊಬ್ಬರು ಕಸಿ ಮಾಡಿದ ಗರ್ಭಕೋಶದಲ್ಲಿ ಮಗುವನ್ನು ಹೆತ್ತರು. ಪುಣೆಯಲ್ಲಿ ಅಂಥ ಕಸಿ 2017ರಲ್ಲಿ ನಡೆಯಿತು. ಅದು ಎಲ್ಲರ ಕೈಗೆಟಕುವುದಲ್ಲ. ದತ್ತು ಸ್ವೀಕಾರವಿದೆ. 2021ರ ಕಾಯ್ದೆಯ ಪ್ರಕಾರ, ಹಣದ ವ್ಯವಹಾರವಿಲ್ಲದ ಬಾಡಿಗೆ ತಾಯ್ತನಕ್ಕೂ ಗರ್ಭಕೋಶವಿಲ್ಲದವರಿಗೆ ಅವಕಾಶವಿದೆ. ಅಂಡಾಶಯ ಸರಿಯಿದ್ದರೆ ಅಂಡ ಅವಳದೇ. 'ಹಾಗಾದರೆ ಹುಟ್ಟುವ ಹೆಣ್ಣುಮಗುವಿಗೂ ಇದೇ ಗತಿಯೇ?' ಎಂದು ನೀವು ಕೇಳಬಹುದು. ಬಾಡಿಗೆ ತಾಯಂದಿರ ಮೂಲಕ ಇಂಥ ಮಹಿಳೆಯರಿಗೆ ಹುಟ್ಟಿದ 17 ಹೆಣ್ಣುಮಕ್ಕಳ ವಿವರ 1997ರಲ್ಲಿ ಅಮೆರಿಕದ ವೈದ್ಯರ ಸಮೀಕ್ಷೆಯೊಂದರಲ್ಲಿ ಪ್ರಕಟವಾಯಿತು. ಒಬ್ಬಳಿಗೂ ಈ ದೋಷ ಇರಲಿಲ್ಲ.