‘ಮುಂದಿನ ಸಲ ನೋಡೋಣ’ ಅಂದವರಿಗೆ

2024ರ ಡಿಸೆಂಬರ್ 15, ಭಾನುವಾರ ರಾತ್ರಿ, ಉಸ್ತಾದ್ ಜಾಕಿರ್ ಹುಸೇನ್ ಹೋದರು ಅಂತ ಸುದ್ದಿ ಬಂತು. ಸ್ವಲ್ಪ ಹೊತ್ತಿಗೆ ‘ಇಲ್ಲ, ಇನ್ನೂ ಇದ್ದಾರೆ’ ಅಂತ ಇನ್ನೊಂದು ಸುದ್ದಿ. ಸೋಮವಾರ ಬೆಳಿಗ್ಗೆ ಎದ್ದು ಫೋನ್ ನೋಡುವಷ್ಟರಲ್ಲಿ ಖಚಿತವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 73ನೇ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.

ಹುಬ್ಬಳ್ಳಿ-ಧಾರವಾಡದಲ್ಲಿ ಇಂಜಿನಿಯರಿಂಗ್ ಓದಿದ ನಮ್ಮ ಒಂಬತ್ತು ಮಂದಿಯ ಒಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಈಗ ಅರ್ಧ ಮಂದಿ ಬೆಂಗಳೂರು, ಪುಣೆಯಲ್ಲಿ, ಉಳಿದವರು ಇಲ್ಲೇ. ಹಾಡು ಕೇಳುವುದು, ಕೇಳಿದ್ದರ ಬಗ್ಗೆ ಜಗಳಾಡುವುದು, ಇಷ್ಟೇ ಆ ಗ್ರೂಪಿನ ಕೆಲಸ. ಆ ಬೆಳಿಗ್ಗೆ ಒಬ್ಬ ಹಾಕಿದ್ದು ಒಂದೇ ಸಾಲು: ‘ಶಕ್ತಿ ಮುಗೀತಲೇ.’

ಗೊತ್ತಿಲ್ಲದವರಿಗೆ ಹೇಳಬೇಕು. ‘ಶಕ್ತಿ’ ಒಂದು ತಂಡದ ಹೆಸರು. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಕ್ಲಿನ್, ಮುಂಬೈನ ತಬಲಾದ ಹುಡುಗ ಜಾಕಿರ್, ಪಿಟೀಲಿನ ಎಲ್. ಶಂಕರ್, ಘಟಂನ ವಿಕ್ಕು ವಿನಾಯಕರಾಮ್ ಸೇರಿ ಕಟ್ಟಿದ್ದು. ಮೊದಲ ದಿನಗಳಲ್ಲಿ ಮೃದಂಗಕ್ಕೆ ರಾಮನಾಡ್ ರಾಘವನ್ ಇದ್ದರು. ಅದಕ್ಕೂ ಮೊದಲು ಮೆಕ್‌ಲಾಕ್ಲಿನ್ ‘ಮಹಾವಿಷ್ಣು ಆರ್ಕೆಸ್ಟ್ರಾ’ ಅಂತ ಕಿವಿ ಗವ್ವೆನ್ನುವಂಥ ಎಲೆಕ್ಟ್ರಿಕ್ ಬ್ಯಾಂಡ್ ನಡೆಸುತ್ತಿದ್ದವರು. ಅಂಥವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮರದ ಗಿಟಾರ್ ಹಿಡಿದರು. ಗಮಕ ಬರಲಿ ಅಂತ ಆ ಗಿಟಾರಿನ ಮೆಟ್ಟುಗಳ ನಡುವಿನ ಮರವನ್ನು ಕೊರೆಸಿ ತಗ್ಗು ಮಾಡಿಸಿದ್ದರು. ಹಾಗೆ ಮಾಡಿದರೆ ತಂತಿಯನ್ನು ಒತ್ತಿ, ಎಳೆದು, ವೀಣೆಯ ಹಾಗೆ ಸ್ವರ ತೂಗಿಸಬಹುದು. ಶ್ರುತಿಗೆ ಅಂತ ಬೇರೆ ತಂತಿಗಳನ್ನೂ ಅಡ್ಡಡ್ಡ ಕಟ್ಟಿಸಿದ್ದರು.

ಹಿಂದೂಸ್ತಾನಿ, ಕರ್ನಾಟಕ, ಜಾಝ್ ಮೂರೂ ಇತ್ತು ಅನ್ನುವುದಕ್ಕಿಂತ ಒಬ್ಬರ ಮಾತನ್ನು ಇನ್ನೊಬ್ಬರು ಕೇಳುತ್ತಿದ್ದರು ಅನ್ನುವುದು ಸರಿ. ಇಂಥ ತಂಡಗಳಿಗೆ ಹೊರಗಡೆ ಜಾಮ್ ಬ್ಯಾಂಡ್ ಅಂತಾರೆ. ಬರೆದುಕೊಂಡು ಬಂದದ್ದು ಸ್ವಲ್ಪ, ವೇದಿಕೆಯ ಮೇಲೆ ಹುಟ್ಟೋದು ಬಹಳ. ನಮ್ಮ ಕಡೆ ಅದಕ್ಕೆ ಬೇರೆ ಹೆಸರೇ ಬೇಕಾಗಿಲ್ಲ, ಛಲೋ ಕಛೇರಿ ಅಂದರೆ ಅದೇ.

ಗ್ರೂಪಿನಲ್ಲಿ ಜಗಳ ಶುರುವಾಯಿತು. ‘ಮುಗೀತು ಯಾಕ? ಉಳದ ನಾಲ್ಕು ಮಂದಿ ಅದಾರಲ್ಲ. ಬ್ಯಾರೆ ತಬಲಾದವರನ್ನ ಕರಕೊಂಡು ನುಡಸ್ತಾರ’ ಅಂದ ಒಬ್ಬ. ಮಾತು ತಪ್ಪಲ್ಲ. ನಮ್ಮ ಆಫೀಸುಗಳಲ್ಲಿ ಹಾಗೇ ನಡೆಯುತ್ತದೆ. ಒಬ್ಬ ರಾಜೀನಾಮೆ ಕೊಟ್ಟರೆ ನೋಟಿಸ್ ಪೀರಿಯಡ್‌ನಲ್ಲಿ ಕೆಟಿ ಕೊಡ್ತಾನೆ, ಡಾಕ್ಯುಮೆಂಟ್ ಬರೆದಿಡ್ತಾನೆ, ಇನ್ನೊಬ್ಬ ಬಂದು ಅದೇ ಕುರ್ಚಿ ಮೇಲೆ ಕೂರ್ತಾನೆ. ಮೂರು ತಿಂಗಳಾದ ಮೇಲೆ ಹೋದವನ ಹೆಸರು ಹಳೇ ಕೋಡಿನ ಕಮೆಂಟಿನಲ್ಲಿ ಮಾತ್ರ ಉಳಿದಿರುತ್ತದೆ.

ಆದರೆ ಮೆಕ್‌ಲಾಕ್ಲಿನ್ ಒಂದು ಸ್ವರವನ್ನು ಅರ್ಧಕ್ಕೆ ಬಿಟ್ಟಾಗ ಜಾಕಿರ್ ಬಾಯಾದ ಮೇಲೆ ಅಂಗೈ ಜಾರಿಸಿ ಆ ಅರ್ಧ ತುಂಬುತ್ತಿದ್ದರಲ್ಲ, ಅದಕ್ಕೆ ಕೆಟಿ ಕೊಡೋದು ಹೇಗೆ? ಐವತ್ತು ವರ್ಷದ ಪರಿಚಯ ಅದು. ಬೇರೆಯವರು ಬಂದು ಚೆನ್ನಾಗಿಯೇ ನುಡಿಸಬಹುದು, ಇನ್ನೂ ಚೆನ್ನಾಗಿಯೂ ನುಡಿಸಬಹುದು. ಆದರೆ ಅದು ಬೇರೆ ಮಾತುಕತೆ.

ನೋಡಿದರೆ ಶಕ್ತಿ ಮುಗಿದದ್ದು ಇದೇ ಮೊದಲಲ್ಲ. ಮೂರು ಆಲ್ಬಂ ತಂದು 1978ರ ಹೊತ್ತಿಗೆ ಚದುರಿಹೋಗಿತ್ತು. ಮೆಕ್‌ಲಾಕ್ಲಿನ್ ಮತ್ತೆ ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಎಲ್. ಶಂಕರ್ ತಮ್ಮ ದಾರಿ ಹಿಡಿದರು. ಆಗಿನ ಕೇಳುಗರಿಗೆ ಉಳಿದದ್ದು ಆ ಮೂರು ರೆಕಾರ್ಡು. ಸುಮಾರು ಇಪ್ಪತ್ತು ವರ್ಷದ ಮೇಲೆ, 1997ರಲ್ಲಿ ‘ರಿಮೆಂಬರ್ ಶಕ್ತಿ’ ಅಂತ ಹೊಸ ಹೆಸರಿನಲ್ಲಿ ಬಂದರು. ಮೊದಲು ಹರಿಪ್ರಸಾದ್ ಚೌರಾಸಿಯಾ ಕೊಳಲಿಗೆ, ಆಮೇಲೆ ಮ್ಯಾಂಡೊಲಿನ್ ಯು. ಶ್ರೀನಿವಾಸ್. ವಿಕ್ಕು ಅವರ ಜಾಗಕ್ಕೆ ಅವರ ಮಗ ಸೆಲ್ವಗಣೇಶ್ ಖಂಜಿರ ಹಿಡಿದು ಬಂದರು, ಹಾಡಲಿಕ್ಕೆ ಶಂಕರ್ ಮಹಾದೇವನ್. 2014ರ ಸೆಪ್ಟೆಂಬರಿನಲ್ಲಿ ಶ್ರೀನಿವಾಸ್ ತೀರಿಕೊಂಡರು, 45 ವರ್ಷಕ್ಕೇ. ಆಗಲೂ ಕೇಳುಗರು ಮುಗೀತು ಅಂದುಕೊಂಡರು. 2020ರಲ್ಲಿ ಪಿಟೀಲಿನ ಗಣೇಶ್ ರಾಜಗೋಪಾಲನ್ ಸೇರಿ ಮತ್ತೆ ಎದ್ದರು. 2023ರ ‘ದಿಸ್ ಮೊಮೆಂಟ್’ ಆಲ್ಬಂಗೆ 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಸಿಕ್ಕಿತು. ಅದಾಗಿ ಹತ್ತು ತಿಂಗಳಿಗೆ ಜಾಕಿರ್ ಇಲ್ಲ. ಎಷ್ಟು ಮಂದಿ ಬಂದು ಹೋದರೂ ಮೊದಲಿನಿಂದ ಕೊನೆಯವರೆಗೆ ಇದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಈಗ ಇಲ್ಲ.

ಆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಜಗಳ ನಿಂತು ಎಲ್ಲರೂ ತಮ್ಮ ತಮ್ಮ ‘ಬೆಸ್ಟ್’ ಹಾಕಲು ಶುರು ಮಾಡಿದರು.

ಒಬ್ಬನದು ಮೊದಲ ಆಲ್ಬಂ. 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಒಂದು ಕಾಲೇಜಿನಲ್ಲಿ ನಡೆದ ಕಛೇರಿಯನ್ನೇ ರೆಕಾರ್ಡ್ ಮಾಡಿ ತಂದದ್ದು. ಇಡೀ ಆಲ್ಬಂನಲ್ಲಿ ಮೂರೇ ಮೂರು ರಚನೆ, ಒಂದಂತೂ ಸುಮಾರು 29 ನಿಮಿಷ. ಮೊದಲನೆಯ ‘ಜಾಯ್’ 18 ನಿಮಿಷ ಉಸಿರು ಬಿಡದೆ ಓಡುತ್ತದೆ. ಹದಿನೈದು ಸೆಕೆಂಡಿಗೆ ರೀಲ್ ಮೇಲೆ ತಳ್ಳುವ ನಮ್ಮ ಹೆಬ್ಬೆರಳಿಗೆ ಅದೊಂದು ಪರೀಕ್ಷೆ. ಒಮ್ಮೆ ಬಿಆರ್‌ಟಿಎಸ್ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಹಚ್ಚಿ ನೋಡಿ. ನವನಗರ ಬಂದದ್ದೂ ತಿಳಿಯುವುದಿಲ್ಲ.

ಇನ್ನೊಬ್ಬನದು ‘ಸ್ಯಾಟರ್‌ಡೇ ನೈಟ್ ಇನ್ ಬಾಂಬೆ’, 2000ದ ಡಿಸೆಂಬರಿನಲ್ಲಿ ಮುಂಬೈನಲ್ಲಿ ನುಡಿಸಿದ್ದು. ಅದರಲ್ಲಿ ಶಿವಕುಮಾರ ಶರ್ಮಾ ಅವರ ಸಂತೂರ್ ಇದೆ, ‘ಗಿರಿರಾಜ ಸುತ’ ಅನ್ನುವ ತ್ಯಾಗರಾಜರ ಕೃತಿಯೂ ಇದೆ. ಅದೇ ಕೃತಿ 2023ರ ಆಲ್ಬಂನಲ್ಲೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೊದಲನೆಯದರ ಕಾಲದಲ್ಲಿ ಶ್ರೀನಿವಾಸರ ಮ್ಯಾಂಡೊಲಿನ್ ಇತ್ತು. ಎರಡನೆಯದರ ಹೊತ್ತಿಗೆ ಆ ಜಾಗದಲ್ಲಿ ಪಿಟೀಲು. ಕೃತಿ ಅದೇ, ಕೂತವರು ಬೇರೆ, ಮಾತೂ ಬೇರೆ. 2023ರ ಆಲ್ಬಂನ ಮೊದಲ ರಚನೆಯ ಹೆಸರೇ ‘ಶ್ರೀನಿಸ್ ಡ್ರೀಮ್’. ಹೋದವರಿಗೊಂದು ಕುರ್ಚಿ ಹಾಕಿಯೇ ಶುರು ಮಾಡಿದ ಹಾಗೆ.

ನನ್ನದು ಬೆಂಗಳೂರಿನ ಸಂಜೆ. 2023ರ ಜನವರಿಯಲ್ಲಿ ಐವತ್ತನೇ ವರ್ಷದ ಪ್ರವಾಸ ಅಂತ ಶಕ್ತಿ ಭಾರತಕ್ಕೆ ಬಂದಾಗ ಬೆಂಗಳೂರಿನಲ್ಲೂ ನುಡಿಸಿದರು. ಇಲ್ಲಿಂದ ಮೂರು ಮಂದಿ ರಾತ್ರಿ ಬಸ್ಸಿಗೆ ಹೋಗಿದ್ದೆವು. ನಾಲ್ಕನೆಯವನಿಗೆ ಅದೇ ವಾರ ರಿಲೀಸ್ ಇತ್ತು. ಟಿಕೆಟ್ಟಿನ ರೊಕ್ಕಾನೂ ಕಡಿಮೆ ಇರಲಿಲ್ಲ. ‘ನೀವು ಹೋಗಿಬರ್ರಿ, ಮುಂದಿನ ಸಲ ಬರ್ತೇನಿ’ ಅಂದಿದ್ದ.

ಮೆಕ್‌ಲಾಕ್ಲಿನ್‌ಗೆ ಆಗ 81 ವರ್ಷ. ನನಗೆ ನೆನಪಿರುವುದು ಅವರ ವೇಗ ಅಲ್ಲ, ನಗು. ಜಾಕಿರ್ ಮತ್ತು ಸೆಲ್ವಗಣೇಶ್ ನಡುವೆ ಸವಾಲ್-ಜವಾಬ್ ನಡೆದಾಗ ಗಿಟಾರನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡು, ಮೊದಲ ಸಲ ಕೇಳುತ್ತಿರುವ ಹುಡುಗನ ಹಾಗೆ ನೋಡುತ್ತಿದ್ದರು. ಪಕ್ಕದಲ್ಲಿ ಒಬ್ಬರು ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಅವರ ಲೆಕ್ಕ ತಪ್ಪಿತು, ಪಾಪ, ನಕ್ಕು ಕೈ ಬಿಟ್ಟರು. ನಮ್ಮ ಮುಂದಿನ ಸಾಲಿನಲ್ಲಿ ಫೋನುಗಳು ಎದ್ದಿದ್ದವು, ಒಂದೊಂದೇ ಇಳಿದವು. ಯಾರೂ ಹೇಳಲಿಲ್ಲ, ತಾವಾಗಿಯೇ ಇಳಿಸಿದರು.

ಅಮೆರಿಕದಲ್ಲಿ ‘ಗ್ರೇಟ್‌ಫುಲ್ ಡೆಡ್’ ಅನ್ನುವ ಬ್ಯಾಂಡ್ ಇತ್ತು. ಜಾಮ್ ಬ್ಯಾಂಡ್‌ಗಳ ತಾತ ಅಂತಲೇ ಹೇಳಬಹುದು. ಅದರ ಅಭಿಮಾನಿಗಳು ಹಾಡಿನ ಹೆಸರಿಗಿಂತ ಹೆಚ್ಚಾಗಿ ತಾರೀಖು ಹೇಳುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1977ರ ಮೇ 8ರಂದು ನುಡಿಸಿದ್ದು ಅಂದರೆ ಅವರಲ್ಲಿ ಗೊತ್ತಿಲ್ಲದವರಿಲ್ಲ. ಬಂದವರು ಟೇಪ್ ಮಾಡಿಕೊಳ್ಳಲಿ ಅಂತ 1984ರಿಂದ ಆ ಬ್ಯಾಂಡು ಪ್ರೇಕ್ಷಕರ ನಡುವೆ ಬೇರೆ ಜಾಗವನ್ನೇ ಕೊಟ್ಟಿತ್ತು. 1995ರ ಆಗಸ್ಟಿನಲ್ಲಿ ಮುಖ್ಯ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡ ಮೇಲೆ, ಅದೇ ವರ್ಷ ಉಳಿದವರು ಆ ಹೆಸರಿನಲ್ಲಿ ಮುಂದುವರಿಯುವುದು ಬೇಡ ಅಂತ ನಿರ್ಧರಿಸಿದರು. ‘ಫಿಶ್’ ಅನ್ನುವ ಇನ್ನೊಂದು ಬ್ಯಾಂಡು 2004ರಲ್ಲಿ ಮುಗಿಸಿದೆವು ಅಂತ ಘೋಷಿಸಿ, ಅಭಿಮಾನಿಗಳನ್ನೆಲ್ಲ ಅಳಿಸಿ, 2009ರಲ್ಲಿ ವಾಪಸ್ ಬಂತು. ಬೇಸರವಾಗಿ ಬಿಟ್ಟವರು ಮತ್ತೆ ಬರಬಹುದು. ಹೋದವರು ಬರುವುದಿಲ್ಲ.

ಈ ತಾರೀಖಿನ ಹುಚ್ಚು ನಮಗೇನೂ ಹೊಸದಲ್ಲ. ಧಾರವಾಡದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಕಾಕಾ ಇದ್ದಾರೆ. ಅವರ ಹತ್ತಿರ ಉದ್ದನೆಯ ಲೆಜರ್ ಪುಸ್ತಕ ಇದೆ. ಕೇಳಿದ ಪ್ರತಿ ಕಛೇರಿಗೂ ಅದರಲ್ಲೊಂದು ಸಾಲು. ತಾರೀಖು, ಜಾಗ, ಯಾರು, ಯಾವ ರಾಗ, ತಬಲಾಕ್ಕೆ ಯಾರು, ಪೇಟಿಗೆ ಯಾರು. ಕೊನೆಯ ಕಾಲಂನಲ್ಲಿ ಒಂದೋ ಎರಡೋ ಶಬ್ದ: ‘ಛಲೋ’, ‘ಭಾಳ ಛಲೋ’, ‘ಮಳಿ’. ಮಳೆ ಬಂದು ಕಛೇರಿ ನಿಂತದ್ದೂ ಅದರಲ್ಲಿ ದಾಖಲು.

‘ಕಾಕಾ, ಮಲ್ಲಿಕಾರ್ಜುನ ಮನ್ಸೂರರದು ಯೂಟ್ಯೂಬ್‌ನ್ಯಾಗ ಎಲ್ಲಾ ಸಿಗ್ತೈತಲ್ರಿ, ಇದೆಲ್ಲಾ ಯಾಕ ಬರದ್ರಿ?’ ಅಂತ ಕೇಳಿದೆ.

‘ಸಿಗ್ತೈತಿ ತಮ್ಮಾ. ಆದ್ರ ನಾ ಕೇಳಿದ್ದು ಅದಲ್ಲ’ ಅಂದರು.

ಅವರು ಮಾತು ತಿರುಗಿಸಿದ್ದು ಗಂಗೂಬಾಯಿ ಹಾನಗಲ್ಲರ ಕಡೆಗೆ. ನಮಗೆ ಗಂಗೂಬಾಯಿ ಅಂದರೆ ಒಬ್ಬರೇ, ಫೋಟೋದಲ್ಲೂ ಒಬ್ಬರೇ. ಕಾಕಾ ಕೇಳಿದ ಕಛೇರಿಗಳಲ್ಲಿ ಇಬ್ಬರು. ಪಕ್ಕದಲ್ಲಿ ತಂಬೂರಿ ಹಿಡಿದು ಮಗಳು ಕೃಷ್ಣಾ. ತಾಯಿಯದು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಭೀರವಾದ, ಗಂಡಸರದೋ ಹೆಂಗಸರದೋ ಅಂತ ಕೇಳಿದವರು ಬೆರಗಾಗುವಂಥ ದನಿ. ಮಗಳದು ಅದಕ್ಕಿಂತ ತೆಳು. ತಾಯಿ ಒಂದು ಆಲಾಪ ಬಿಟ್ಟ ಕಡೆ ಮಗಳು ಎತ್ತಿಕೊಳ್ಳುತ್ತಿದ್ದರು. ದಶಕಗಟ್ಟಲೆ ಹೀಗೆ. 2004ರಲ್ಲಿ ಕೃಷ್ಣಾ ತೀರಿಕೊಂಡರು. ಗಂಗೂಬಾಯಿಯವರಿಗೆ ಆಗ 91. 2006ರ ಮಾರ್ಚಿನಲ್ಲಿ ಅವರ ಕೊನೆಯ ಕಛೇರಿ ಆಯಿತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರೂ ಹೋದರು.

‘ಮಂದಿ 2009ರಾಗ ಅತ್ತರು. ನಾವು ಒಂದಷ್ಟು ಮಂದಿ 2004ರಾಗನ ಅತ್ತಿದ್ವಿ. ಆ ಜೋಡಿ ಅವತ್ತ ಮುಗದಿತ್ತು’ ಅಂದರು ಕಾಕಾ.

ಮನೆಗೆ ಬಂದು ಯೂಟ್ಯೂಬಿನಲ್ಲಿ ಹುಡುಕಿದೆ. ಹಲವು ವಿಡಿಯೊಗಳ ಹೆಸರಿನಲ್ಲಿ ಗಂಗೂಬಾಯಿ ಹಾನಗಲ್ ಅಂತ ಮಾತ್ರ ಇತ್ತು. ಎರಡನೇ ದನಿ ಕೇಳುತ್ತದೆ, ಅದರ ಹೆಸರು ಮಾತ್ರ ಇಲ್ಲ. ಕಾಕಾರ ಲೆಜರಿನಲ್ಲಿ ಇದೆ. ಅವರು ಅದನ್ನೆಲ್ಲ ಯಾಕೆ ಬರೆದಿಟ್ಟರು ಅಂತ ಆಗ ತಿಳಿಯಿತು. ರೆಕಾರ್ಡಿಂಗು ದನಿ ಉಳಿಸುತ್ತದೆ. ಯಾರು ಯಾರ ಪಕ್ಕ ಕೂತಿದ್ದರು, ಯಾರು ಯಾರಿಗಾಗಿ ಕಾದರು, ಅದನ್ನು ಕೇಳಿದವರೇ ಉಳಿಸಬೇಕು.

ಮುಂದಿನ ಸಲ ಅಂದ ಗೆಳೆಯನ ಬಗ್ಗೆ ಹೇಳಲೇಬೇಕು. ಆ ಸೋಮವಾರ ಎಲ್ಲರೂ ತಮ್ಮ ಬೆಸ್ಟ್ ಹಾಕಿದರೂ ಅವನು ಸುಮ್ಮನಿದ್ದ. ರಾತ್ರಿ ಹನ್ನೊಂದಕ್ಕೆ ನನಗೊಬ್ಬನಿಗೇ ಮೆಸೇಜ್ ಬಂತು: ‘ಅವತ್ತಿನ ರಿಲೀಸ್ ಏನಿತ್ತು ಅಂತ ನೆನಪ ಹಾರೇತಿ.’ ಏನು ಉತ್ತರ ಕೊಡಬೇಕು ತಿಳಿಯಲಿಲ್ಲ. ನಾವೆಲ್ಲ ಅದೇ ದೋಣಿಯಲ್ಲಿ ಇರುವವರು. ಡೆಡ್‌ಲೈನ್ ನಮ್ಮ ಕೈಯಲ್ಲಿ ಇರುವುದಿಲ್ಲ, ರಜೆಯೂ ಇರುವುದಿಲ್ಲ. ಅವನದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಶಕ್ತಿಯನ್ನು ನೋಡಲು ಬೆಂಗಳೂರಿಗೆ ಹೋಗಬೇಕಿತ್ತು. ಕೆಲವು ಕಛೇರಿಗೆ ಬೈಕಿನ ಪೆಟ್ರೋಲ್ ಸಾಕು. ಕುಂದಗೋಳದಲ್ಲಿ, ಗಂಗೂಬಾಯಿ, ಭೀಮಸೇನ ಜೋಶಿ ಕಲಿತ ಅದೇ ಊರಿನಲ್ಲಿ, ಸವಾಯಿ ಗಂಧರ್ವರ ನೆನಪಿಗೆ ನಾಡಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಹುಬ್ಬಳ್ಳಿಯಿಂದ ಅರ್ಧ-ಮುಕ್ಕಾಲು ತಾಸಿನ ದಾರಿ. ಧಾರವಾಡದ ಸೃಜನಾ ರಂಗಮಂದಿರದಲ್ಲಿ, ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಭವನದಲ್ಲಿ ಕಛೇರಿ ಆಗುತ್ತಲೇ ಇರುತ್ತವೆ. ಎಷ್ಟೋ ಸಲ ಹಿಂದಿನ ಸಾಲುಗಳು ಖಾಲಿ. ಅಲ್ಲಿ ಹಾಡುವವರು ನಮ್ಮ ವಯಸ್ಸಿನವರು, ತಬಲಾದವರು ಅವರ ಗೆಳೆಯರು. ಇನ್ನು ಮೂವತ್ತು ವರ್ಷಕ್ಕೆ ಯಾವ ಜೋಡಿ ಯಾರ ನೆನಪಿನಲ್ಲಿ ಉಳಿಯುತ್ತದೋ ಯಾರಿಗೆ ಗೊತ್ತು!

ಆ ಮೆಸೇಜಿನ ಮುಂದಿನ ತಿಂಗಳು ಗೆಳೆಯ ಊರಿಗೆ ಬಂದಿದ್ದ. ಒಂದು ಶನಿವಾರ ಸಂಜೆ ಧಾರವಾಡದ ಒಂದು ಚಿಕ್ಕ ಬೈಠಕ್ಕಿಗೆ ಹೋದೆವು. ನಲವತ್ತು ಮಂದಿ ಇದ್ದರೆ ಹೆಚ್ಚು. ಹೊರಗೆ ಬಂದು ಚಹಾ ಕುಡಿಯುವಾಗ ಅವನು ಫೋನಿನ ನೋಟ್ಸ್ ತೆಗೆದು ಟೈಪ್ ಮಾಡತೊಡಗಿದ. ತಾರೀಖು, ಜಾಗ, ರಾಗ. ಆಮೇಲೆ ತಲೆ ಎತ್ತಿ ಕೇಳಿದ: ‘ಪೇಟಿಗೆ ಕುಂತಿದ್ರಲ್ಲ, ಅವರ ಹೆಸರು ಏನಲೇ?’

ನನಗೂ ಗೊತ್ತಿರಲಿಲ್ಲ. ಚಹಾ ಅಲ್ಲೇ ಇಟ್ಟು, ಕೇಳಿಕೊಂಡು ಬರಲು ಇಬ್ಬರೂ ಒಳಗೆ ಹೋದೆವು.